ಸುಣ್ಣಕಲ್ಲು ಕಾದಾಗ ಹೋಗುವುದೇನು, ಉಳಿಯುವುದೇನು?

ಕಲಬುರಗಿ ಜಿಲ್ಲೆಯ ಕಾಳಗಿಯಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಗೆ ನೀವು ಎಂದಾದರೂ ಪ್ರಯಾಣ ಮಾಡಿದ್ದರೆ ಎರಡು ಸಂಗತಿಗಳನ್ನು ಗಮನಿಸಿರುತ್ತೀರಿ. ಒಂದು, ಮನೆಯ ಗೋಡೆಯಲ್ಲಿ, ಅಂಗಳದ ಹಾಸಿನಲ್ಲಿ ಎಲ್ಲೆಲ್ಲೂ ಕಾಣುವ ಬೂದುಬಣ್ಣದ ಚಪ್ಪಟೆ ಕಲ್ಲು. ಇನ್ನೊಂದು, ಬಯಲಿನ ಮೇಲೆ ಬಹು ದೂರದಿಂದಲೇ ಕಣ್ಣಿಗೆ ಬೀಳುವ ಸಿಮೆಂಟ್ ಕಾರ್ಖಾನೆಗಳ ಗೋಪುರಗಳು. ಮೊದಲನೆಯದು ಶಹಾಬಾದ್ ಕಲ್ಲು. ಎರಡನೆಯದು ಅದೇ ಕಲ್ಲನ್ನು ಕಾಯಿಸಿ ಬೇರೆಯದೇ ವಸ್ತುವನ್ನಾಗಿ ಮಾಡುವ ಸ್ಥಳ.

ಕಲ್ಲನ್ನು ಕಾಯಿಸಿದರೆ ಏನಾಗುತ್ತದೆ? ಹತ್ತನೆಯ ತರಗತಿಯ ವಿದ್ಯಾರ್ಥಿಯೂ ಉತ್ತರ ಹೇಳಬಲ್ಲ:

ಕ್ಯಾಲ್ಸಿಯಂ ಕಾರ್ಬೊನೇಟ್ + ಉಷ್ಣ → ಕ್ಯಾಲ್ಸಿಯಂ ಆಕ್ಸೈಡ್ + ಕಾರ್ಬನ್ ಡೈಆಕ್ಸೈಡ್

ಇದು ಉಷ್ಣ ವಿಭಜನೆಗೆ ಪಠ್ಯಪುಸ್ತಕ ಕೊಡುವ ಒಂದು ಉದಾಹರಣೆ. ಆದರೆ ಈ ಒಂದು ಸಾಲಿನ ಹಿಂದೆ ಹಲವು ಪ್ರಶ್ನೆಗಳಿವೆ. ಕಾದಾಗ ಕಾರ್ಬನ್ ಡೈಆಕ್ಸೈಡೇ ಏಕೆ ಹೊರಡಬೇಕು? ಅದಕ್ಕೆ ಸುಮಾರು 900° ಸೆ. ಏಕೆ ಬೇಕು? ಕ್ಯಾಲ್ಸಿಯಂನ ಬೇರೆ ಸಂಯುಕ್ತಗಳು ಕಾದಾಗಲೂ ಹೀಗೆಯೇ ಆಗುತ್ತದೆಯೇ? ಉತ್ತರಗಳು ಸ್ಫಟಿಕದ ಒಳರಚನೆಯಲ್ಲಿವೆ. ಸಿಮೆಂಟ್ ಉದ್ಯಮ ಇಂದು ಎದುರಿಸುತ್ತಿರುವ ಅತಿ ದೊಡ್ಡ ಪ್ರಶ್ನೆಯ ಬೇರೂ ಅಲ್ಲಿಯೇ ಇದೆ.

ಭೀಮಾ ಕೊಳ್ಳದ ಕಲ್ಲು

ಈ ಸುಣ್ಣಕಲ್ಲಿನ ನಿಕ್ಷೇಪಕ್ಕೆ ಭೂವಿಜ್ಞಾನಿಗಳು ‘ಭೀಮಾ ಕೊಳ್ಳ’ ಎಂಬ ಹೆಸರನ್ನು ಕೊಟ್ಟಿದ್ದಾರೆ. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಲ್ಲೂ ನೆರೆಯ ತೆಲಂಗಾಣದ ತಾಂಡೂರಿನ ಸುತ್ತಲೂ ಇದು ಸುಮಾರು 5,000 ಚದರ ಕಿಲೋಮೀಟರ್ ಹರಡಿಕೊಂಡಿದೆ. ಉತ್ತರಕ್ಕೆ ಹೋದಂತೆ ಕಲ್ಲಿನ ಪದರಗಳು ದಖ್ಖನ್ ಬಸಾಲ್ಟಿನ ಅಡಿ ಮರೆಯಾಗುತ್ತವೆ. ಇವು ಡೈನೋಸಾರ್‌ಗಳಿಗಿಂತ ಎಷ್ಟೋ ಹಿಂದೆ, ಚಿಪ್ಪುಳ್ಳ ಪ್ರಾಣಿಗಳೇ ಇನ್ನೂ ಇಲ್ಲದಿದ್ದ ಕಾಲದಲ್ಲಿ, ಆಳವಿಲ್ಲದ ಸಮುದ್ರದ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾದ ಶಿಲೆಗಳು.

ಶಹಾಬಾದಿನ ಕಲ್ಲು ನೆಲಹಾಸಿಗೆ ಬೇಕಾದಂತೆ ಹಲಗೆ ಹಲಗೆಯಾಗಿ ಏಳುವುದು ಈ ಪದರಗಳ ಕಾರಣದಿಂದ. ಇದನ್ನು ಸ್ಫಟಿಕದ ಸೀಳಿಕೆ ಎಂದು ತಿಳಿಯಬಾರದು. ಸ್ಫಟಿಕದ ಸೀಳಿಕೆ ಪರಮಾಣುಗಳ ಜೋಡಣೆಯಿಂದ ಬರುವ ಗುಣ. ಹಾಸುಗಲ್ಲಿನ ಪದರ ಕೆಸರು ಕೂತ ಕ್ರಮದಿಂದ ಬಂದದ್ದು. ಈ ಕಲ್ಲಿನಲ್ಲಿರುವ ಕ್ಯಾಲ್ಸೈಟ್ ಹರಳುಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಅವುಗಳ ನಡುವೆ ಜೇಡಿಮಣ್ಣು, ಸಿಲಿಕಾಗಳೂ ಸೇರಿಕೊಂಡಿರುತ್ತವೆ.

ಸ್ಫಟಿಕದ ಒಳಗೆ

ಕ್ಯಾಲ್ಸೈಟಿನ ಒಳರಚನೆಯನ್ನು ಮೊದಲು ಬಿಡಿಸಿ ತೋರಿಸಿದವರಲ್ಲಿ ಪ್ರಮುಖರು ವಿಲಿಯಂ ಲಾರೆನ್ಸ್ ಬ್ರ್ಯಾಗ್. 1914ರಲ್ಲಿ ಅವರು ಎಕ್ಸ್-ಕಿರಣಗಳ ನೆರವಿನಿಂದ ಅದನ್ನು ವಿಶ್ಲೇಷಿಸಿದರು. ಮರುವರ್ಷ ತಂದೆಯೊಡನೆ ನೊಬೆಲ್ ಪ್ರಶಸ್ತಿ ಹಂಚಿಕೊಂಡಾಗ ಅವರಿಗೆ ಕೇವಲ 25 ವರ್ಷ!

ಕ್ಯಾಲ್ಸೈಟಿನಲ್ಲಿ ಕ್ಯಾಲ್ಸಿಯಂ ಅಯಾನುಗಳ ಒಂದು ಪದರ, ಅದರ ಮೇಲೆ ಕಾರ್ಬೊನೇಟ್ ಅಯಾನುಗಳ ಒಂದು ಪದರ – ಹೀಗೆ ಒಂದರ ಮೇಲೊಂದು ಬರುತ್ತವೆ. ಕಾರ್ಬೊನೇಟ್ ಅಯಾನು ಚಪ್ಪಟೆಯಾದ ತ್ರಿಕೋನ. ನಡುವೆ ಒಂದು ಕಾರ್ಬನ್, ಮೂರು ಮೂಲೆಗಳಲ್ಲಿ ಮೂರು ಆಕ್ಸಿಜನ್. ಕಾರ್ಬನ್ನಿಂದ ಆಕ್ಸಿಜನ್ನಿಗೆ ಇರುವ ದೂರ 0.128 ನ್ಯಾನೊಮೀಟರ್. ಕ್ಯಾಲ್ಸಿಯಂನಿಂದ ಆಕ್ಸಿಜನ್ನಿಗೆ ಇರುವ ದೂರ 0.236 ನ್ಯಾನೊಮೀಟರ್. ಮೊದಲನೆಯದು ಗಿಡ್ಡನೆಯ, ಬಿಗಿಯಾದ ಸಹವೇಲೆನ್ಸಿ ಬಂಧ. ಎರಡನೆಯದು ಅಯಾನಿಕ ಆಕರ್ಷಣೆ.

ಇಲ್ಲಿ ಒಂದು ಎಣಿಕೆ ಮುಖ್ಯ. ಪ್ರತಿ ಕ್ಯಾಲ್ಸಿಯಂ ಅಯಾನಿನ ಸುತ್ತ ಆರು ಆಕ್ಸಿಜನ್‌ಗಳಿವೆ. ಪ್ರತಿ ಆಕ್ಸಿಜನ್ನಿಗೆ ನೆರೆಹೊರೆಯಾಗಿ ಎರಡು ಕ್ಯಾಲ್ಸಿಯಂ ಮತ್ತು ಒಂದು ಕಾರ್ಬನ್ ಇವೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಾಯಿಸಿದಾಗ ಉಳಿಯುವ ಕ್ಯಾಲ್ಸಿಯಂ ಆಕ್ಸೈಡಿನ, ಅಂದರೆ ಸುಟ್ಟ ಸುಣ್ಣದ, ರಚನೆ ಅಡುಗೆ ಉಪ್ಪಿನ ರಚನೆಯಂತೆಯೇ. ಅಲ್ಲಿಯೂ ಪ್ರತಿ ಕ್ಯಾಲ್ಸಿಯಂನ ಸುತ್ತ ಆರು ಆಕ್ಸಿಜನ್‌ಗಳು. ಆದರೆ ಈಗ ಪ್ರತಿ ಆಕ್ಸಿಜನ್ನಿನ ಸುತ್ತಲೂ ಆರು ಕ್ಯಾಲ್ಸಿಯಂ! ಕಾರ್ಬನ್ನಿನೊಡನೆ ಹಂಚಿಹೋಗಿದ್ದ ಆಕ್ಸಿಜನ್ ಪೂರ್ತಿ ಕ್ಯಾಲ್ಸಿಯಂನ ಪಾಲಾಗಿದೆ. ಕಾರ್ಬೊನೇಟಿನ ಮೂರು ಆಕ್ಸಿಜನ್‌ಗಳಲ್ಲಿ ಒಂದು ಕ್ಯಾಲ್ಸಿಯಂನೊಡನೆ ಉಳಿಯಿತು, ಎರಡು ಕಾರ್ಬನ್ನಿನೊಡನೆ ಹೊರಟವು. ಕ್ಯಾಲ್ಸಿಯಂ-ಆಕ್ಸಿಜನ್ ಚೌಕಟ್ಟು ಉಳಿಯುತ್ತದೆ, ಆಕ್ಸಿಜನ್ನಿನ ಇನ್ನೊಂದು ಬದಿಗೆ ಅಂಟಿಕೊಂಡದ್ದು ಅನಿಲವಾಗಿ ಹೋಗುತ್ತದೆ ಎಂಬುದು ಇದರ ಸಾರ.

900 ಡಿಗ್ರಿ ಎಲ್ಲಿಂದ ಬಂತು?

ಸುಣ್ಣಕಲ್ಲಿನಿಂದ ಒಂದು ‘ಗಾಳಿ’ ಹೊರಬೀಳುತ್ತದೆ, ಕಲ್ಲಿನ ತೂಕ ಕಡಿಮೆಯಾಗುವುದು ಅದರಿಂದಲೇ ಎಂದು ತಕ್ಕಡಿ ಹಿಡಿದು ತೋರಿಸಿದವರು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್, 1750ರ ದಶಕದಲ್ಲಿ. 1867ರಲ್ಲಿ ಫ್ರಾನ್ಸಿನ ಆನ್ರಿ ದೆಬ್ರೆ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮುಚ್ಚಿದ ಪಾತ್ರೆಯಲ್ಲಿ ಕ್ಯಾಲ್ಸೈಟನ್ನು ಕಾಯಿಸಿದಾಗ ಪ್ರತಿ ತಾಪಕ್ಕೂ ಕಾರ್ಬನ್ ಡೈಆಕ್ಸೈಡಿನ ಒಂದು ನಿರ್ದಿಷ್ಟ ಒತ್ತಡ ಇರುತ್ತದೆ ಎಂದು ಅವರು ಕಂಡುಕೊಂಡರು. ಒತ್ತಡ ಅಷ್ಟಕ್ಕೆ ಮುಟ್ಟಿತೆಂದರೆ ವಿಭಜನೆ ನಿಂತಂತೆ ಕಾಣುತ್ತದೆ. ಅನಿಲವನ್ನು ಹೊರತೆಗೆದರೆ ಮತ್ತೆ ಮುಂದುವರಿಯುತ್ತದೆ.

ಈ ಒತ್ತಡ 550° ಸೆ.ನಲ್ಲಿ ಒಂದು ವಾಯುಭಾರದ ಸುಮಾರು ಎರಡು ಸಾವಿರದಲ್ಲೊಂದು ಪಾಲು ಮಾತ್ರ. 800° ಸೆ.ಗೆ ಅದು 0.2 ವಾಯುಭಾರವನ್ನು ದಾಟುತ್ತದೆ. ಸುಮಾರು 900° ಸೆ.ನಲ್ಲಿ ಪೂರ್ತಿ ಒಂದು ವಾಯುಭಾರಕ್ಕೆ ಮುಟ್ಟುತ್ತದೆ. ನೀರಿಗೆ 100° ಸೆ. ಇದ್ದಂತೆ ಸುಣ್ಣಕಲ್ಲಿಗೆ ಈ 900° ಸೆ. ನೀರು 100° ಸೆ.ಗಿಂತ ಕಡಿಮೆ ತಾಪದಲ್ಲಿಯೂ ಆವಿಯಾಗುವ ಹಾಗೆ, ಒಳ್ಳೆಯ ಗಾಳಿಯ ಹರಿವಿದ್ದರೆ ಸುಣ್ಣಕಲ್ಲು 900° ಸೆ.ಗಿಂತ ಕೆಳಗೂ ನಿಧಾನವಾಗಿ ಒಡೆಯುತ್ತದೆ. ಹಳೆಯ ಸುಣ್ಣದ ಭಟ್ಟಿಗಳಲ್ಲಿ ಕೆಳಗೆ ಗಾಳಿಕಂಡಿ ಬಿಡುತ್ತಿದ್ದುದು ಬೆಂಕಿ ಉರಿಯಲೆಂದು ಮಾತ್ರವಲ್ಲ. ಆ ಗಾಳಿ ಕಲ್ಲಿನ ಸುತ್ತಲಿನ ಕಾರ್ಬನ್ ಡೈಆಕ್ಸೈಡನ್ನೂ ಒಯ್ಯುತ್ತಿತ್ತು.

ಪಿಯು ವಿದ್ಯಾರ್ಥಿಗಳು ಇದನ್ನು ಲೆಕ್ಕದಿಂದಲೂ ನೋಡಬಹುದು. ಈ ವಿಭಜನೆ ಅಂತರುಷ್ಣಕ ಕ್ರಿಯೆ. ಒಂದು ಮೋಲ್‌ಗೆ ಬೇಕಾದ ಉಷ್ಣ 178 ಕಿಲೋಜೌಲ್. ಘನದಿಂದ ಅನಿಲ ಹೊರಟಾಗ ಎಂಟ್ರೊಪಿ ಪ್ರತಿ ಮೋಲ್‌ಗೆ, ಪ್ರತಿ ಕೆಲ್ವಿನ್‌ಗೆ ಸುಮಾರು 0.160 ಕಿಲೋಜೌಲ್ ಹೆಚ್ಚುತ್ತದೆ. 178ನ್ನು 0.160ರಿಂದ ಭಾಗಿಸಿದರೆ ಸುಮಾರು 1,110 ಕೆಲ್ವಿನ್, ಅಂದರೆ 840° ಸೆ. ಬರುತ್ತದೆ. ಪ್ರಯೋಗದ ಬೆಲೆಗಿಂತ ಇದು ಕೊಂಚ ಕಡಿಮೆ. ಕೊಠಡಿಯ ತಾಪದ ಅಂಕಿಗಳನ್ನೇ ಹೆಚ್ಚಿನ ತಾಪಕ್ಕೂ ಬಳಸಿದ್ದು ಈ ವ್ಯತ್ಯಾಸಕ್ಕೆ ಕಾರಣ.

178 ಕಿಲೋಜೌಲ್ ಎಂದರೆ ಎಷ್ಟು? ಒಂದು ಕಿಲೋಗ್ರಾಂ ಶುದ್ಧ ಸುಣ್ಣಕಲ್ಲನ್ನು ಒಡೆಯಲು ಸುಮಾರು 1,780 ಕಿಲೋಜೌಲ್ ಬೇಕು. ಅಷ್ಟು ಉಷ್ಣದಿಂದ ಐದೂವರೆ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಕಲ್ಲನ್ನು 900° ಸೆ.ವರೆಗೆ ಬಿಸಿ ಮಾಡುವ ಖರ್ಚು ಇದರಲ್ಲಿ ಸೇರಿಲ್ಲ!

ಗಾತ್ರ ಅಷ್ಟೇ, ತೂಕ ಹಗುರ

ಭಟ್ಟಿಯಿಂದ ಹೊರಬಂದ ಸುಣ್ಣದ ಹೆಂಟೆ ನೋಡಲು ಮೊದಲಿನ ಕಲ್ಲಿನಷ್ಟೇ ದೊಡ್ಡದು. ಕೈಗೆತ್ತಿಕೊಂಡರೆ ಹಗುರ. 100 ಗ್ರಾಂ ಶುದ್ಧ ಕಲ್ಲಿನಲ್ಲಿ ಉಳಿಯುವುದು 56 ಗ್ರಾಂ, ಹೋಗುವುದು 44 ಗ್ರಾಂ. ಇಲ್ಲೊಂದು ಸೋಜಿಗವಿದೆ. ಕ್ಯಾಲ್ಸೈಟಿನ ಸಾಂದ್ರತೆ 2.71. ಕ್ಯಾಲ್ಸಿಯಂ ಆಕ್ಸೈಡಿನದು 3.34. ಅಂದರೆ 100 ಗ್ರಾಂ ಕ್ಯಾಲ್ಸೈಟ್ 37 ಘನ ಸೆಂಟಿಮೀಟರ್ ಜಾಗ ಹಿಡಿದರೆ ಅದರಿಂದ ಬರುವ 56 ಗ್ರಾಂ ಆಕ್ಸೈಡಿಗೆ ಬೇಕಾದದ್ದು 17 ಘನ ಸೆಂಟಿಮೀಟರ್ ಮಾತ್ರ. ಹೊರಗಾತ್ರ ಕುಗ್ಗದಿದ್ದರೆ ಉಳಿದ ಜಾಗ ಏನಾಯಿತು? ಅದೆಲ್ಲ ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳು. ಹೆಂಟೆಯ ಅರ್ಧಕ್ಕಿಂತ ಹೆಚ್ಚು ಭಾಗ ಖಾಲಿ.

ಸುಟ್ಟ ಸುಣ್ಣಕ್ಕೆ ನೀರು ಹಾಕಿದೊಡನೆ ಅದು ಭುಸುಗುಟ್ಟಿ ಅರಳುವುದು ಈ ರಂಧ್ರಗಳಿಂದಲೇ. ನೀರು ಒಳಗೆಲ್ಲ ಹೊಕ್ಕು ಒಂದೇ ಸಲಕ್ಕೆ ವರ್ತಿಸುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಕಾಯಿಸಿದರೆ ಕಣಗಳು ಒಂದಕ್ಕೊಂದು ಬೆಸೆದುಕೊಂಡು ರಂಧ್ರಗಳು ಮುಚ್ಚಿಹೋಗುತ್ತವೆ. ಅಂಥ ಸುಣ್ಣ ಬೇಗ ಅರಳುವುದಿಲ್ಲ. ವಸ್ತು ಒಂದೇ, ರಾಸಾಯನಿಕ ಸೂತ್ರ ಒಂದೇ. ಆದರೆ ಕಾಯಿಸಿದ ಬಗೆಯಿಂದ ಗುಣ ಬೇರೆಯಾಯಿತು.

ಆಲ್ಕಾಕ್ಸೈಡ್: ಇನ್ನೊಂದು ದಾರಿ

ಈಗ ಪ್ರಯೋಗಾಲಯಕ್ಕೆ ಬರೋಣ. ಆಲ್ಕೊಹಾಲಿನ ಆಕ್ಸಿಜನ್ನಿಗೆ ಅಂಟಿದ ಹೈಡ್ರೊಜನ್ನಿನ ಸ್ಥಾನದಲ್ಲಿ ಲೋಹ ಬಂದರೆ ದೊರೆಯುವ ಸಂಯುಕ್ತವೇ ಲೋಹದ ಆಲ್ಕಾಕ್ಸೈಡ್. ಪಿಯು ವಿದ್ಯಾರ್ಥಿಗಳಿಗೆ ಸೋಡಿಯಂ ಎಥಾಕ್ಸೈಡ್ ಪರಿಚಿತ. ಹೊಂಗೆಯಂಥ ಎಣ್ಣೆಗಳನ್ನು ಬಯೋಡೀಸಲ್ ಆಗಿ ಮಾರ್ಪಡಿಸುವಾಗ ವೇಗವರ್ಧಕವಾಗಿ ಸೋಡಿಯಂ ಮೆಥಾಕ್ಸೈಡ್ ಬಳಕೆಯಾಗುತ್ತದೆ. ಕ್ಯಾಲ್ಸಿಯಂಗೂ ಇಂಥ ಸಂಯುಕ್ತವಿದೆ. ಅದೇ ಕ್ಯಾಲ್ಸಿಯಂ ಮೆಥಾಕ್ಸೈಡ್. ತೇವದ ಸೋಂಕು ತಗುಲಿದರೆ ಕೆಡುವ ಈ ಬಿಳಿ ಪುಡಿ ಭೀಮಾ ಕೊಳ್ಳದಲ್ಲೆಲ್ಲೂ ಸಿಗುವುದಿಲ್ಲ, ತಯಾರಿಸಿಕೊಳ್ಳಬೇಕು.

ಇದರ ಸ್ಫಟಿಕವೂ ಪದರಗಳಿಂದ ಆದದ್ದು. ಪ್ರತಿ ಕ್ಯಾಲ್ಸಿಯಂನ ಸುತ್ತ ಇಲ್ಲಿಯೂ ಆರು ಆಕ್ಸಿಜನ್‌ಗಳು! ಪ್ರತಿ ಆಕ್ಸಿಜನ್ನಿಗೆ ಮೂರು ಕ್ಯಾಲ್ಸಿಯಂ ಮತ್ತು ಒಂದು ಮೀಥೈಲ್ ಗುಂಪು ನೆರೆಹೊರೆ. ಮೀಥೈಲ್ ಗುಂಪುಗಳು ಪದರದ ಎರಡೂ ಬದಿಗೆ ಹೊರಮುಖವಾಗಿ ಚಾಚಿಕೊಂಡಿರುತ್ತವೆ. ಅವುಗಳ ನಡುವಿನ ಸೆಳೆತ ದುರ್ಬಲ.

ಇದನ್ನು ಗಾಳಿಯಲ್ಲಿ ಕಾಯಿಸಿದರೆ ಏನಾಗಬೇಕು? ಚೌಕಟ್ಟು ಉಳಿದು ಮೀಥೈಲ್ ಗುಂಪು ಹೋಗಿ, ನೇರವಾಗಿ ಕ್ಯಾಲ್ಸಿಯಂ ಆಕ್ಸೈಡ್ ಸಿಗಬೇಕು ಎಂದು ನೀವು ಊಹಿಸಬಹುದು. ಆದರೆ ಸುಮಾರು 400° ಸೆ. ಆಸುಪಾಸಿನಲ್ಲಿ ಮೊದಲು ದೊರೆಯುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಅಂದರೆ ಶಹಾಬಾದ್ ಕಲ್ಲಿನ ಮುಖ್ಯ ವಸ್ತು!

ಕ್ಯಾಲ್ಸಿಯಂ ಮೆಥಾಕ್ಸೈಡ್ + 3 ಆಕ್ಸಿಜನ್ → ಕ್ಯಾಲ್ಸಿಯಂ ಕಾರ್ಬೊನೇಟ್ + ಕಾರ್ಬನ್ ಡೈಆಕ್ಸೈಡ್ + 3 ನೀರು

ಮೀಥೈಲ್ ಗುಂಪು ಉರಿದು ಕಾರ್ಬನ್ ಡೈಆಕ್ಸೈಡ್ ಹುಟ್ಟಿತು. ಅದರ ಅರ್ಧವನ್ನು ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡಿತು. ಆ ತಾಪದಲ್ಲಿ ಕಾರ್ಬೊನೇಟ್ ಸ್ಥಿರವಾದ್ದರಿಂದ ಅದು ಅಲ್ಲಿಗೆ ನಿಲ್ಲುತ್ತದೆ. ಇನ್ನೂ ಕಾಯಿಸಿದರೆ ಭಟ್ಟಿಯಲ್ಲಿ ನಡೆಯುವ ಕ್ರಿಯೆಯೇ ಇಲ್ಲಿಯೂ ನಡೆದು ಆಕ್ಸೈಡ್ ಸಿಗುತ್ತದೆ.

ಕಾಯಿಸುತ್ತಲೇ ತೂಕ ನೋಡುವ ಉಪಕರಣಗಳಿಂದ ಇಂಥ ಹಂತಗಳನ್ನು ಗುರುತಿಸುತ್ತಾರೆ. ಇಲ್ಲಿನ ಲೆಕ್ಕ ಸ್ವಾರಸ್ಯಕರ. ಮೆಥಾಕ್ಸೈಡಿನ ಸೂತ್ರತೂಕ 102, ಕಾರ್ಬೊನೇಟಿನದು 100, ಆಕ್ಸೈಡಿನದು 56. ಮೊದಲ ಹಂತದಲ್ಲಿ ತೂಕ ಇಳಿಯುವುದು ನೂರಕ್ಕೆ ಕೇವಲ ಎರಡರಷ್ಟು. ತೂಕವನ್ನು ಮಾತ್ರ ನೋಡಿದವರು ‘ಏನೂ ಆಗಲಿಲ್ಲ’ ಎಂದುಕೊಂಡಾರು. ಆದರೆ ಒಳಗೆ ಸ್ಫಟಿಕವೇ ಬದಲಾಗಿರುತ್ತದೆ. ಅದನ್ನು ಹೇಳಬಲ್ಲದ್ದು ಎಕ್ಸ್-ಕಿರಣಗಳ ಪರೀಕ್ಷೆ. ರಚನೆ ಮತ್ತು ಉಷ್ಣ ವಿಭಜನೆ ಎರಡನ್ನೂ ಒಟ್ಟಿಗೇ ಅಧ್ಯಯನ ಮಾಡುವುದೇಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಲೋಹ ಬದಲಾದರೆ?

ಟೈಟೇನಿಯಂನ ಆಲ್ಕಾಕ್ಸೈಡುಗಳು ಹೀಗೆ ಕಾರ್ಬೊನೇಟಿನಲ್ಲಿ ತಂಗುವುದಿಲ್ಲ. ಟೈಟೇನಿಯಂ ಐಸೊಪ್ರೊಪಾಕ್ಸೈಡಿನ ಆವಿಯನ್ನು ಕಾದ ಗಾಜಿನ ಮೇಲೆ ಹಾಯಿಸಿದರೆ ಟೈಟೇನಿಯಂ ಡೈಆಕ್ಸೈಡಿನ ತೆಳುಪದರ ನೇರವಾಗಿ ಕೂರುತ್ತದೆ. ವ್ಯತ್ಯಾಸ ಅಯಾನಿನ ಗಾತ್ರ ಮತ್ತು ಆವೇಶದಲ್ಲಿದೆ. ಟೈಟೇನಿಯಂ ಅಯಾನು ಪುಟ್ಟದು, ಅದರ ಆವೇಶ ನಾಲ್ಕು. ಅದು ಕಾರ್ಬೊನೇಟಿನ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಎಳೆದು ಆ ತ್ರಿಕೋನವನ್ನೇ ಒಡೆಯುತ್ತದೆ. ಕ್ಯಾಲ್ಸಿಯಂ ಅಯಾನು ದೊಡ್ಡದು, ಆವೇಶ ಎರಡೇ. ಹಾಗಾಗಿ ಕಾರ್ಬೊನೇಟ್ ಅದರ ಪಕ್ಕದಲ್ಲಿ ನೆಮ್ಮದಿಯಿಂದಿರುತ್ತದೆ.

ಎರಡನೆಯ ಗುಂಪಿನ ಲೋಹಗಳಲ್ಲೂ ಈ ನಿಯಮವನ್ನು ಕಾಣಬಹುದು. ಕಾರ್ಬೊನೇಟ್ ಒಡೆಯುವ ತಾಪ ಮೆಗ್ನೀಸಿಯಂಗೆ ಸುಮಾರು 540° ಸೆ., ಕ್ಯಾಲ್ಸಿಯಂಗೆ 900° ಸೆ., ಸ್ಟ್ರಾನ್ಷಿಯಂಗೆ 1,290° ಸೆ., ಬೇರಿಯಂಗೆ 1,360° ಸೆ. ಅಯಾನು ದೊಡ್ಡದಾದಂತೆ ತಾಪವೂ ಏರುತ್ತದೆ. ಮೆಗ್ನೀಸಿಯಂ ಕಾರ್ಬೊನೇಟಿನ ಸ್ಫಟಿಕ ರಚನೆ ಕ್ಯಾಲ್ಸೈಟಿನಂಥದೇ ಆದರೂ ಅದು ಅಷ್ಟು ಬೇಗ ಒಡೆಯುತ್ತದೆ. ಜೋಡಣೆಯ ಜೊತೆಗೆ, ಜೋಡಣೆಯಲ್ಲಿ ಕೂತ ಅಯಾನು ಯಾವುದು ಎಂಬುದೂ ಮುಖ್ಯ.

ಗೋಪುರದೊಳಗಿನ ಲೆಕ್ಕ

ಈಗ ವಾಡಿ, ಸೇಡಂ, ಮಳಖೇಡಗಳ ಕಾರ್ಖಾನೆಗಳತ್ತ ಬರೋಣ. ಈ ಭಾಗಕ್ಕೆ ಸಿಮೆಂಟ್ ಹೊಸದಲ್ಲ. 1936ರಲ್ಲಿ ಒಂದುಗೂಡಿ ಎಸಿಸಿ ಆದ ಕಂಪನಿಗಳಲ್ಲಿ ಶಹಾಬಾದಿನದೂ ಒಂದು. ಇಂದಿನ ಕಾರ್ಖಾನೆಯಲ್ಲಿ ಪುಡಿಮಾಡಿದ ಸುಣ್ಣಕಲ್ಲು ಮತ್ತು ಜೇಡಿಯ ಮಿಶ್ರಣ ಎತ್ತರದ ಗೋಪುರದಲ್ಲಿ ಮೇಲಿನಿಂದ ಇಳಿಯುತ್ತದೆ, ಬಿಸಿ ಅನಿಲ ಕೆಳಗಿನಿಂದ ಏರುತ್ತದೆ. 850ರಿಂದ 900° ಸೆ. ನಡುವೆ ಕಾರ್ಬೊನೇಟ್ ಒಡೆಯುತ್ತದೆ. ಬಳಿಕ ಉರುಳುವ ಕುಲುಮೆಯಲ್ಲಿ ಸುಮಾರು 1,450° ಸೆ.ಗೆ ಕಾದಾಗ ಸುಣ್ಣವು ಸಿಲಿಕಾದೊಡನೆ ಕೂಡಿ ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳಾಗುತ್ತದೆ. ಅದಕ್ಕೆ ಜಿಪ್ಸಂ ಬೆರೆಸಿ ಅರೆದರೆ ಸಿಮೆಂಟ್.

ಕ್ಲಿಂಕರಿನಲ್ಲಿ ನೂರಕ್ಕೆ ಸುಮಾರು 65 ಪಾಲು ಕ್ಯಾಲ್ಸಿಯಂ ಆಕ್ಸೈಡ್. ಒಂದು ಟನ್ ಕ್ಲಿಂಕರಿಗೆ 650 ಕಿಲೋಗ್ರಾಂ. ಇಷ್ಟು ಆಕ್ಸೈಡ್ ಸಿಗಬೇಕಾದರೆ ಕಲ್ಲಿನಿಂದ ಹೊರಡುವ ಕಾರ್ಬನ್ ಡೈಆಕ್ಸೈಡ್ 650 × 44 ÷ 56, ಅಂದರೆ ಸುಮಾರು 510 ಕಿಲೋಗ್ರಾಂ. ಸಿಮೆಂಟ್ ತಯಾರಿಕೆ ಹೊರಬಿಡುವ ಒಟ್ಟು ಕಾರ್ಬನ್ ಡೈಆಕ್ಸೈಡಿನಲ್ಲಿ ಹೆಚ್ಚುಕಡಿಮೆ ನೂರಕ್ಕೆ 60 ಪಾಲು ಬರುವುದು ಹೀಗೆ ಕಲ್ಲಿನಿಂದಲೇ. ಉಳಿದದ್ದು ಮುಖ್ಯವಾಗಿ ಇಂಧನದಿಂದ.

ಇದರ ಅರ್ಥವನ್ನು ಸರಿಯಾಗಿ ಗ್ರಹಿಸಬೇಕು. ಕಲ್ಲಿದ್ದಲು ಬಿಟ್ಟು ಸೌರಶಕ್ತಿಯಿಂದಲೇ ಕುಲುಮೆ ಕಾಯಿಸಿದರೂ ಆ 510 ಕಿಲೋಗ್ರಾಂ ಹೊರಬೀಳುತ್ತದೆ. ಅದು ಹೊಗೆಯ ದೋಷವಲ್ಲ, ಕ್ಯಾಲ್ಸೈಟಿನ ಸೂತ್ರದಲ್ಲೇ ಬರೆದಿರುವ ಸಂಗತಿ. ವಾತಾವರಣ ಬಿಸಿಯಾಗುತ್ತಿರುವ ಈ ಕಾಲದಲ್ಲಿ, ಸಾವಿರಾರು ಕುಟುಂಬಗಳ ದುಡಿಮೆ ಕಲ್ಲು ಮತ್ತು ಸಿಮೆಂಟನ್ನು ನಂಬಿರುವ ಈ ಸೀಮೆಗೆ ಇದು ಬರೀ ಪರೀಕ್ಷೆಯ ಪ್ರಶ್ನೆಯಲ್ಲ.

ಸುಡದೆ ಬಳಸುವ ದಾರಿ

ಹಾಗಾದರೆ ಮಾಡುವುದೇನು? ಒಂದು ದಾರಿ, ಸಿಮೆಂಟಿನಲ್ಲಿ ಕ್ಲಿಂಕರಿನ ಪಾಲನ್ನೇ ಇಳಿಸುವುದು. ರಾಯಚೂರಿನ ಶಕ್ತಿನಗರದಂಥ ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿ, ಉಕ್ಕಿನ ಕಾರ್ಖಾನೆಗಳ ಕಿಟ್ಟ ಇವನ್ನು ಬೆರೆಸುವುದು ಹಳೆಯ ರೂಢಿ.

ಇನ್ನೊಂದು ದಾರಿಯಲ್ಲಿ ಸ್ವಿಟ್ಜರ್‌ಲೆಂಡ್, ಕ್ಯೂಬಾ ಮತ್ತು ಭಾರತದ ಸಂಶೋಧಕರು ಕೂಡಿ ಕೆಲಸ ಮಾಡಿದ್ದಾರೆ. ದೆಹಲಿ ಮತ್ತು ಮದ್ರಾಸ್ ಐಐಟಿಗಳು ಇದರಲ್ಲಿ ಪಾಲುಗೊಂಡಿವೆ. ಈ ಸಿಮೆಂಟಿನಲ್ಲಿ ಕ್ಲಿಂಕರ್ ಸುಮಾರು ಅರ್ಧ ಮಾತ್ರ. ಉಳಿದದ್ದು ಮುಖ್ಯವಾಗಿ ಕಾಯಿಸಿದ ಜೇಡಿ ಮತ್ತು ಸುಡದ ಸುಣ್ಣಕಲ್ಲಿನ ಪುಡಿ. ಜೇಡಿಯಲ್ಲಿರುವ ಕೆಯೋಲಿನೈಟ್ 700ರಿಂದ 850° ಸೆ.ನಲ್ಲಿ ಒಡೆಯುತ್ತದೆ. ಇದೂ ಉಷ್ಣ ವಿಭಜನೆಯೇ. ಆದರೆ ಅದರ ರಚನೆಯಲ್ಲಿ ಕಾರ್ಬೊನೇಟ್ ಇಲ್ಲ, ಹೈಡ್ರಾಕ್ಸಿಲ್ ಇದೆ. ಆದ್ದರಿಂದ ಹೊರಡುವುದು ನೀರಾವಿ! ಸುಡದ ಸುಣ್ಣಕಲ್ಲೂ ಸುಮ್ಮನೆ ಕೂರುವುದಿಲ್ಲ. ನೀರು ಬಿದ್ದಾಗ ಜೇಡಿಯ ಅಲ್ಯೂಮಿನಾದೊಡನೆ ಕೂಡಿ ಬಿಗಿತ ಕೊಡುತ್ತದೆ. ಇದರಿಂದ ಕಾರ್ಬನ್ ಡೈಆಕ್ಸೈಡ್ ನೂರಕ್ಕೆ 40ರವರೆಗೆ ಇಳಿಯಬಹುದು. ಭಾರತೀಯ ಮಾನಕ ಬ್ಯೂರೊ 2023ರಲ್ಲಿ ಇಂಥ ಸಿಮೆಂಟಿಗೆ ಮಾನಕವನ್ನು ಪ್ರಕಟಿಸಿದೆ. ಅದೇ ಕಲ್ಲು, ಅದರ ಕಾರ್ಬೊನೇಟನ್ನು ಒಡೆಯದೆ ಬಳಸುವ ಜಾಣ್ಮೆ ಇದು.

ತರಗತಿಯಲ್ಲಿ ಮಾಡಿ ನೋಡಿ

1. ಶಹಾಬಾದ್ ಕಲ್ಲಿನ ಪುಡಿ 10 ಗ್ರಾಂ ತೂಗಿ. ಶಂಕುವಿನಾಕಾರದ ಕುಪ್ಪಿಯಲ್ಲಿ ಸಾಕಷ್ಟು ಸಾರರಿಕ್ತ ಹೈಡ್ರೊಕ್ಲೋರಿಕ್ ಆಮ್ಲವನ್ನು ತೆಗೆದುಕೊಂಡು, ಆಮ್ಲ ಸಿಡಿಯದಂತೆ ಬಾಯಿಗೆ ಹತ್ತಿ ಇಟ್ಟು, ಅದನ್ನೂ ತೂಗಿ. ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಗುಳ್ಳೆ ನಿಂತ ಮೇಲೆ ಮತ್ತೆ ತೂಗಿ. ಕಲ್ಲು ಶುದ್ಧವಾಗಿದ್ದರೆ ಒಟ್ಟು ತೂಕದಲ್ಲಿ 4.4 ಗ್ರಾಂ ಕಡಿಮೆಯಾಗಬೇಕು. ಉದಾಹರಣೆಗೆ 3.6 ಗ್ರಾಂ ಕಡಿಮೆಯಾದರೆ ಕಲ್ಲಿನಲ್ಲಿ ಕಾರ್ಬೊನೇಟ್ ನೂರಕ್ಕೆ ಸುಮಾರು 82. ತಳದಲ್ಲಿ ಕರಗದೆ ಉಳಿದದ್ದು ಜೇಡಿ ಮತ್ತು ಸಿಲಿಕಾ. ನಿಮ್ಮೂರಿನ ಬೇರೆ ಬೇರೆ ಗಣಿಗಳ ಕಲ್ಲುಗಳನ್ನು ಹೀಗೆ ಹೋಲಿಸಿ ನೋಡಬಹುದು.

2. ಅವರೆಕಾಳಿನಷ್ಟು ಕಲ್ಲಿನ ಚೂರನ್ನು ತಂತಿಜಾಲರಿಯ ಅಂಚಿನಲ್ಲಿಟ್ಟು ಬುನ್ಸೆನ್ ದೀಪದ ಅತಿ ಬಿಸಿ ಜ್ವಾಲೆಯಲ್ಲಿ 15-20 ನಿಮಿಷ ಕಾಯಿಸಿ. ಸ್ಪಿರಿಟ್ ದೀಪ ಇದಕ್ಕೆ ಸಾಲದು. ಪೂರ್ತಿ ಆರಿದ ಮೇಲೆ ಫಿನಾಲ್ಫ್ಥಲೀನ್ ಬೆರೆಸಿದ ಒಂದೆರಡು ಹನಿ ನೀರು ಹಾಕಿ. ಗುಲಾಬಿ ಬಣ್ಣ ಬಂದರೆ ಸುಟ್ಟ ಸುಣ್ಣ ಆಗಿದೆ ಎಂದರ್ಥ. ಕಾಯಿಸದ ಚೂರಿನೊಡನೆ ಹೋಲಿಸಿ.

ಎಚ್ಚರಿಕೆ: ಸುಟ್ಟ ಸುಣ್ಣ ಕಣ್ಣಿಗೆ ಅಪಾಯಕಾರಿ. ಕನ್ನಡಕ ಧರಿಸದೆ ಈ ಪ್ರಯೋಗ ಮಾಡಬಾರದು. ಸುಣ್ಣವನ್ನು ಬರಿಗೈಯಲ್ಲಿ ಮುಟ್ಟಬಾರದು. ಶಿಕ್ಷಕರು ಜೊತೆಯಲ್ಲಿರಲೇಬೇಕು.

ಯಾವುದೇ ಸಂಯುಕ್ತದ ಉಷ್ಣ ವಿಭಜನೆಯನ್ನು ಕಲಿಯುವಾಗ, ಕಲಿಸುವಾಗ, ಸಮೀಕರಣ ಬರೆದು ನಿಲ್ಲಿಸಬೇಡಿ. ಲೋಹದ ಸುತ್ತ ಇರುವುದೇನು, ಆಕ್ಸಿಜನ್ನಿನ ಇನ್ನೊಂದು ಬದಿಗೆ ಅಂಟಿಕೊಂಡಿರುವುದೇನು ಎಂದು ಕೇಳಿ. ಕಾರ್ಬೊನೇಟಾಗಲಿ ಮೆಥಾಕ್ಸೈಡಾಗಲಿ ಕೆಯೋಲಿನೈಟಾಗಲಿ, ಕಾದಾಗ ಹೋಗುವುದೇನು, ಉಳಿಯುವುದೇನು ಎಂಬುದಕ್ಕೆ ಉತ್ತರ ಅಲ್ಲಿಂದ ಹೊರಡುತ್ತದೆ.